ರೂಮಿ ಟೋಪಿಯಲ್ಲಿ ಬಂದ ವಾಲ್ವು

ನಾನು ಚಿಕ್ಕವಳಿದ್ದಾಗ ಮಸ್ಕಿಯ ನಮ್ಮ ಓಣಿಗೆ ಕರೆಂಟ್ ಬಂದಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆಂಪ್ಲಿಫೈಯರ್ ಇತ್ತು! ಮೈಕಿನೊಳಗೆ ಹೊಕ್ಕ ಸಣ್ಣ ದನಿಯನ್ನು ದೊಡ್ಡದು ಮಾಡಿ, ಕಹಳೆಯಂಥ ಸ್ಪೀಕರಿನಿಂದ ಹೊರಗೆ ಬಿಡುವ ಕಬ್ಬಿಣದ ಪೆಟ್ಟಿಗೆ ಅದು. ಮುಚ್ಚಿಹೋದ ಒಂದು ನಾಟಕ ಕಂಪನಿಯಿಂದ ಅಪ್ಪ ಅದನ್ನು ಕೊಂಡು ತಂದಿದ್ದ. ಮೋಟಾರು ಗಾಡಿಯ ಬ್ಯಾಟರಿಯಿಂದ ನಡೆಯುತ್ತಿತ್ತು. ಒಳಗೆ ಸಾಲಾಗಿ ಗಾಜಿನ ವಾಲ್ವುಗಳು. ಚಾಲೂ ಮಾಡಿದರೆ ಒಂದೊಂದರ ಹೊಟ್ಟೆಯಲ್ಲೂ ಕೆಂಡದ ಚೂರಿನಂಥ ಬೆಳಕು ಹೊತ್ತಿಕೊಳ್ಳುತ್ತಿತ್ತು, ಕಾದ ಧೂಳಿನ ವಾಸನೆ ಬರುತ್ತಿತ್ತು.

ಅಕ್ಕ ಬುಲ್‌ಬುಲ್ ತರಂಗ ನುಡಿಸುತ್ತಿದ್ದಳು. ಅದು ಉದ್ದನೆಯ ತಂತಿವಾದ್ಯ. ಎಡಗೈಯಿಂದ ಗುಂಡಿಗಳನ್ನು ಒತ್ತುತ್ತ ಬಲಗೈಯಿಂದ ತಂತಿ ಮೀಟಬೇಕು. ದನಿ ಬಲು ಇಂಪು, ಆದರೆ ಪಕ್ಕದ ಖೋಲಿಗೆ ಹೋಗುವಷ್ಟರಲ್ಲಿ ಕರಗಿಹೋಗುವಷ್ಟು ಸಣ್ಣದು. ಚಿಕ್ಕಪ್ಪನ ಮದುವೆ ಗೊತ್ತಾದಾಗ, ಸಿಂಧನೂರಿನ ಬೀಗರು ಬರುವ ಸಂಜೆ ತಾನು ಹಂದರದಲ್ಲಿ ಕೂತು ನುಡಿಸುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಹೆಣ್ಣುಮಕ್ಕಳು ಮಂದಿಯ ಮುಂದೆ ನುಡಿಸುವುದು ಅಜ್ಜನಿಗೆ ಸರಿಬರುತ್ತಿರಲಿಲ್ಲ. ಕಡೆಗೂ ಒಂದು ಮಾತಿನ ಮೇಲೆ ಒಪ್ಪಿದ.

“ಬಾರಸ್ಲಿ. ಆದ್ರ ಹಂದರದ ಆ ತುದೀಗೆ ಕುಂತ ನನಗ ಕೇಳಬೇಕು. ಬೀಗರ ಮುಂದ ಕುಂಯ್ ಕುಂಯ್ ಅಂದು ಮಾನ ಕಳೀಬ್ಯಾಡ್ರಿ. ಕೇಳಲಿಲ್ಲಂದ್ರ ಅಲ್ಲಿಗೆ ಮುಗೀತು, ಮತ್ತ ಕೇಳಬ್ಯಾಡ್ರಿ.”

ಆ ದಿನ ಬೆಳಿಗ್ಗೆ ಅಪ್ಪ ಪೆಟ್ಟಿಗೆ ಚಾಲೂ ಮಾಡಿದ. ಅಕ್ಕ ತಂತಿ ಮೀಟಿದಳು. ಸ್ಪೀಕರಿನಿಂದ ಬಂದದ್ದು ನೆಗಡಿಯಾದವರ ಗಂಟಲಿನಂಥ ಒಡಕು ದನಿ! ಅದೂ ಅಂಗಳ ದಾಟಲಿಲ್ಲ. ಅಕ್ಕನ ಮುಖ ಬಾಡಿತು.

ಅಪ್ಪ ಅಂಗಿಯ ತೋಳು ಏರಿಸಿ ಕೂತ. ಮೊದಲು ಬ್ಯಾಟರಿಗೆ ಸಣ್ಣ ಬಲ್ಬು ಹಚ್ಚಿ ನೋಡಿದ, ಝಗ್ಗೆಂದು ಉರಿಯಿತು. ಸ್ಪೀಕರಿನ ತಂತಿಯನ್ನೂ ಮೈಕಿನ ತಂತಿಯನ್ನೂ ಬಿಚ್ಚಿ ಕಟ್ಟಿದ, ಎಲ್ಲ ಸರಿಯಾಗಿದ್ದವು. ಮುಚ್ಚಳ ತೆಗೆದು ಪೆನ್ಸಿಲಿನಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದ. ಒಂದು ಕಡೆ ‘ಚರ್ ಚರ್’ ಎಂದಿತು. ಅದನ್ನು ಕಿತ್ತು, ಕೆಳಗಿನ ಕಡ್ಡಿಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಮತ್ತೆ ಅದರ ಕುಣಿಯಲ್ಲಿ ಕೂಡಿಸಿದ. ಚರ್ ಚರ್ ನಿಂತಿತು, ಗಂಟಲು ಮಾತ್ರ ಒಡಕೇ.

“ಬಾಗಲ ಮುಚ್ರಿ, ಕತ್ತಲಾಗ ನೋಡೂಣು,” ಎಂದ. ನಾನು ಓಡಿಹೋಗಿ ಕಿಟಕಿಗೆ ಕೌದಿ ಇಳಿಬಿಟ್ಟೆ. ಕತ್ತಲಲ್ಲಿ ವಾಲ್ವುಗಳು ಮಿಣಮಿಣ ಹೊಳೆದವು. ಕೊನೆಯಲ್ಲಿದ್ದ ಎರಡು ದೊಡ್ಡ ವಾಲ್ವುಗಳಲ್ಲಿ ಒಂದು ಮಾತ್ರ ಕಪ್ಪಗೆ ಕೂತಿತ್ತು.

“ಯಪ್ಪಾ, ಎರಡನ್ನೂ ಅದಲಿ ಬದಲಿ ಮಾಡು,” ಎಂದಳು ಅಕ್ಕ. “ತಪ್ಪು ಕುಣಿಯಾಗ ಐತೋ ವಾಲ್ವಿನಾಗ ಐತೋ ಗೊತ್ತಾಗ್ತೈತಿ.”

ಅಪ್ಪ ಪೆಟ್ಟಿಗೆ ಬಂದ್ ಮಾಡಿ, ಗಾಜು ತಣಿಯುವವರೆಗೆ ಕಾದು, ಎರಡರ ಜಾಗ ಬದಲಿಸಿದ. ಮತ್ತೆ ಚಾಲೂ ಮಾಡಿದಾಗ ಕತ್ತಲೆಯೂ ವಾಲ್ವಿನ ಜೊತೆಗೇ ಜಾಗ ಬದಲಿಸಿತ್ತು!

“ಸಿಕ್ಕನಲೇ ಕಳ್ಳ!” ಎಂದು ಅಪ್ಪ ತೊಡೆ ತಟ್ಟಿದ. ಮೂವರೂ ನಕ್ಕೆವು. ಆದರೆ ಬೇರೆ ವಾಲ್ವು ಎಲ್ಲಿಂದ ತರುವುದು? ಹೈದರಾಬಾದಿಗೆ ಹೋಗಿ ಬರುವುದು ಅಂದು ಆಗುವ ಮಾತಲ್ಲ. ಅಪ್ಪ ವಾಲ್ವಿನ ನಂಬರನ್ನೇ ದಿಟ್ಟಿಸುತ್ತಿದ್ದವನು ಥಟ್ಟನೆ ಎದ್ದ. ಹಿಂದೊಮ್ಮೆ ತಾನೇ ದುರಸ್ತಿ ಮಾಡಿಕೊಟ್ಟಿದ್ದ, ಲಿಂಗಸುಗೂರಿನ ವಕೀಲ ಸಾಹೇಬರ ರೇಡಿಯೋದಲ್ಲಿ ಅದೇ ನಂಬರಿನದು ಇತ್ತು!

ಬರುತ್ತೇನೆಂದು ನಾನೂ ಹಟ ಮಾಡಿ ಬಸ್ಸು ಹತ್ತಿದೆ. ಅದು ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಸುಟ್ಟ ಗ್ಯಾಸಿನಿಂದ ಓಡುತ್ತಿದ್ದವು. ಕೆಮ್ಮುತ್ತ ಕೆಮ್ಮುತ್ತ ಲಿಂಗಸುಗೂರು ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು.

ಅಪ್ಪನ ಮಾತು ಕೇಳಿ ವಕೀಲ ಸಾಹೇಬರು ಗಡ್ಡ ತುರಿಸಿಕೊಂಡರು. “ಸಂಜಿಗೆ ಅರ್ಧ ಊರು ಇಲ್ಲಿಗೆ ಲಡಾಯಿ ಖಬರು ಕೇಳಾಕ ಬರ್ತೈತಿ. ರೇಡಿಯೋ ಮೂಕ ಆದ್ರ ನಾ ಏನು ಜವಾಬು ಕೊಡ್ಲಿ?”

ಅಪ್ಪ ಹೊರಡಲು ಎದ್ದ. ನನಗೆ ತಡೆಯಲಾಗಲಿಲ್ಲ. “ಕೇಳಲಿಲ್ಲಂದ್ರ ನಮ್ಮಕ್ಕ ಮತ್ತ್ಯಾವತ್ತೂ ಬಾರ್ಸಂಗಿಲ್ರೀ! ಇವತ್ತೊಂದ ದಿನರೀ!” ಎಂದು ಒದರಿಬಿಟ್ಟೆ.

ಸಾಹೇಬರು ನನ್ನನ್ನೇ ನೋಡಿ ನಕ್ಕರು. “ಖಬರು ನಾಳೀನೂ ಬರ್ತಾವ ಬಿಡ್ರಿ. ಆದ್ರ ಈ ಚೀಜು ಯಾರ ಕೈಯಾಗೂ ಕೊಡಂಗಿಲ್ಲ. ನಾನ ತರ್ತೀನಿ!”

ತಮ್ಮ ಕುಚ್ಚಿನ ಕೆಂಪು ರೂಮಿ ಟೋಪಿಯನ್ನು ಅಂಗಾತ ಹಿಡಿದು, ಒಳಗೆ ಅರಳೆ ತುಂಬಿ, ಗೂಡಿನಲ್ಲಿ ಮೊಟ್ಟೆ ಇಡುವಂತೆ ವಾಲ್ವನ್ನು ಇಟ್ಟುಕೊಂಡರು. ಬಸ್ಸಿನಲ್ಲಿ ಬರಿತಲೆಯಲ್ಲೇ ಕೂತು ಟೋಪಿಯನ್ನು ಎದೆಗೆ ಅವಚಿಕೊಂಡಿದ್ದರು. ದಾರಿಯಲ್ಲಿ ಒಂದು ಏರು ಬಂತು, ಬಸ್ಸು ಬುಸ್ಸೆಂದು ನಿಂತಿತು. “ಎಲ್ಲಾರೂ ಇಳದು ದಬ್ರಿ!” ಎಂದ ಕಂಡಕ್ಟರ್. ಸಾಹೇಬರು ಟೋಪಿಯನ್ನು ನನ್ನ ಕೈಗಿಟ್ಟು, “ಉಸಿರು ಸೈತ ಜೋರಾಗಿ ಬಿಡಬ್ಯಾಡವ್ವಾ,” ಎಂದು ತಾವೂ ದಬ್ಬಲು ಹೋದರು. ನಾನು ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಯ ಪಕ್ಕ ಅಲುಗದೆ ನಿಂತೆ. ಕೈ ಜಾರಿದರೆ? ಎಡವಿದರೆ? ಹೊತ್ತು ಇಳಿಯುತ್ತಿತ್ತು. ಕೊನೆಗೆ ಬಸ್ಸು ಗುಡುಗಿತು, ಎಲ್ಲರೂ ಹೋ ಎಂದರು. ಸಾಹೇಬರ ಬಿಳಿ ಶೇರವಾನಿಯ ತುಂಬ ಮಸಿ!

ಮನೆ ಮುಟ್ಟಿದಾಗ ಬೀಗರ ಬಂಡಿಗಳು ಆಗಲೇ ಬಾಗಿಲಿಗೆ ಬಂದಿದ್ದವು. ಅಕ್ಕ ಹಂದರದಲ್ಲಿ ವಾದ್ಯ ಮುಂದಿಟ್ಟುಕೊಂಡು ದಾರಿ ನೋಡುತ್ತಿದ್ದಳು. ಅಪ್ಪ ವಾಲ್ವು ಕೂಡಿಸಿ ಗುಂಡಿ ಒತ್ತಿದ. ಏನೂ ಇಲ್ಲ. ವಾಲ್ವು ಕಾದು ಕೆಂಪಾಗುವವರೆಗೆ ದನಿ ಬಾರದು. ಯಾರೂ ಮಿಸುಕಲಿಲ್ಲ. ಕೆಂಪು ಮೆಲ್ಲಗೆ ಏರಿತು, ‘ಗುಂಯ್’ ಎಂದಿತು. ಅಕ್ಕ ತಂತಿ ಮೀಟಿದಳು.

ಅಬ್ಬಾ! ಮಾಳಿಗೆಯ ಮೇಲಿನ ಪಾರಿವಾಳಗಳು ಪಟಪಟನೆ ಹಾರಿದವು. ಬಂಡಿಯ ಎತ್ತುಗಳು ಕಿವಿ ನಿಮಿರಿಸಿದವು. ಅವ್ವ ಬೀಸುವಾಗ ಹಾಡುತ್ತಿದ್ದ ಹಾಡಿನ ಧಾಟಿಯನ್ನೇ ಅಕ್ಕ ನುಡಿಸಿದಳು. ಮೊದಲು ಅವ್ವ, ಆಮೇಲೆ ಸಿಂಧನೂರಿನ ಹೆಂಗಸರೂ ದನಿಗೂಡಿಸಿದರು. ಸಾಹೇಬರು ಮಾತ್ರ ಅಕ್ಕನ ಕಡೆ ನೋಡದೆ ತಮ್ಮ ವಾಲ್ವಿನ ಬೆಳಕನ್ನೇ ಕಾಯುತ್ತ ಕೂತಿದ್ದರು.

ಹಾಡು ಮುಗಿದಾಗ ಹಂದರದ ಆ ತುದಿಗಿದ್ದ ಅಜ್ಜ ಕೈ ಬೀಸಿ ನನ್ನನ್ನು ಕರೆದ. ಹೆದರುತ್ತ ಹೋದೆ. ಅವನ ಕಣ್ಣುಗಳು ತೇವವಾಗಿದ್ದವು. “ಇನ್ನೊಂದು ಬಾರಸು ಅಂತ ಹೇಳು ಹೋಗು,” ಎಂದ. ನಾನು ಹಾರುತ್ತಲೇ ಓಡಿದೆ!

ಮರುದಿನ ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ ವಾಲ್ವು ಬಂದ ಹಾಗೆಯೇ ಅರಳೆಯಲ್ಲಿ ಕೂತು ಲಿಂಗಸುಗೂರಿಗೆ ಮರಳಿತು. ಅಕ್ಕನನ್ನು ನುಡಿಸಬೇಡ ಎಂದು ಅಜ್ಜ ಆಮೇಲೆ ಎಂದೂ ಹೇಳಲಿಲ್ಲ.

ಮಕ್ಕಳೇ, ನಿಮ್ಮ ಸ್ಪೀಕರ್ ಮುಷ್ಟಿಯಲ್ಲಿ ಹಿಡಿಸುತ್ತದೆ, ಒತ್ತಿದ ಕೂಡಲೇ ಹಾಡುತ್ತದೆ. ಮೊನ್ನೆ ಅದು ಸುಮ್ಮನಾದಾಗ ನಾನು ತಿರುವಿ ತಿರುವಿ ನೋಡಿದೆ, ಬಿಚ್ಚಲು ಒಂದು ತಿರುಪೂ ಕಾಣಲಿಲ್ಲ. ಹೊಸದು ನಾಳೆಯೇ ಬರುತ್ತದೆ ಎಂದು ನೀವು ನಕ್ಕಿರಿ. ಬಂತು ಕೂಡ, ದನಿ ಬಲು ಚೊಕ್ಕ. ಆದರೂ ಗುಂಡಿ ಒತ್ತಿದೊಡನೆ ನೀವು ಕುಣಿಯತೊಡಗಿದಾಗ, ನಾನೊಬ್ಬಳೇ ಇನ್ನೂ ಒಂದು ಗಳಿಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.