ಹಿಂದಿನ ಸೀಟು

ಮೂವತ್ತು ವರ್ಷದಿಂದ ಗಾಡಿ ಓಡಿಸುವವನಿಗೆ ಗಾಡಿ ಓಡಿಸುವುದನ್ನು ಕಲಿಸುತ್ತೇವೆ ಎಂದರೆ ಯಾರಿಗಾದರೂ ಮೈ ಉರಿಯುತ್ತದೆ. ನಾನು ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗಲೇ ಬೈಕಿನ ಹ್ಯಾಂಡಲ್ ಹಿಡಿದವನು. ಈಗಲೂ ಪುಣೆಯ ವಾಕಡದ ಮನೆಯಿಂದ ತಳೇಗಾಂವದ ಕಾರ್ಖಾನೆಗೆ ಲಾರಿಗಳ ನಡುವೆಯೇ ಹೋಗಿಬರುತ್ತೇನೆ. ಆದರೂ ಆ ಭಾನುವಾರ, ಅನುಭವಿ ಸವಾರರ ತರಬೇತಿ ಎಂದು ಬ್ಯಾನರ್ ಕಟ್ಟಿದ್ದ ಮೈದಾನದಲ್ಲಿ ನಿಂತಾಗ, ನನ್ನ ಸಿಟ್ಟು ಬರೀ ಸೋಗು ಎಂದು ನನಗೇ ಗೊತ್ತಿತ್ತು. ಒಳಗೆ ಇದ್ದದ್ದು ಹೆದರಿಕೆ.

ಹೆದರಿಕೆ ಶುರುವಾದದ್ದು ಬೇಸಿಗೆಯಲ್ಲಿ. ಹೆಂಡತಿ ಎಂದಿನಂತೆ ಸೀರೆಯುಟ್ಟು ಒಂದೇ ಕಡೆಗೆ ಕಾಲು ಹಾಕಿ ಹಿಂದೆ ಕೂತಿದ್ದಳು. ತೊಡೆಯ ಮೇಲೆ ತರಕಾರಿ ಚೀಲ, ಎರಡೂ ಕೈ ಚೀಲದ ಮೇಲೆ. ನಾಯಿಯೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ. ನಾಯಿ ಉಳಿಯಿತು. ಆದರೆ ಗಾಡಿ ಒಮ್ಮೆಲೇ ಹಗುರಾಯಿತು. ತಿರುಗಿ ನೋಡಿದರೆ ಸೀಟು ಖಾಲಿ. ಅವಳು ರಸ್ತೆಯ ಮೇಲೆ ಹೂಕೋಸುಗಳ ನಡುವೆ ಬಿದ್ದಿದ್ದಳು. ಅವಳ ತಲೆಯಿಂದ ಮೊಳದಷ್ಟು ದೂರದಲ್ಲಿ ಟೆಂಪೋ ಒಂದು ಬಂದು ನಿಂತಿತ್ತು. ಅವಳಿಗೆ ಹೆಲ್ಮೆಟ್ ಇರಲಿಲ್ಲ. ಹೆಲ್ಮೆಟ್ ಓಡಿಸುವವರಿಗಷ್ಟೇ ಎಂದು ನಮ್ಮ ಪುಣೆಯ ನಂಬಿಕೆ. ಅದೂ ಪೊಲೀಸರು ಕಾಣುವವರೆಗೆ ಮೊಣಕೈಯಲ್ಲೇ ನೇತಾಡುತ್ತಿರುತ್ತದೆ.

ಅವಳ ಮುರಿದಿದ್ದ ಭುಜದ ಮೂಳೆ ಕೂಡಿಕೊಂಡಿತು. ಅವಳು ಮತ್ತೆ ಹತ್ತಲು ತಯಾರಾದಳು. ನಾನು ತಯಾರಿರಲಿಲ್ಲ. ಒಮ್ಮೆ ಟೈರು ಸವೆದಿದೆ ಅಂದೆ, ಒಮ್ಮೆ ಬ್ಯಾಟರಿ ಹೋಗಿದೆ ಅಂದೆ. ಖರಾಡಿಯಲ್ಲಿರುವ ತನ್ನ ತಂಗಿಯ ಮನೆಗೆ ಅವಳು ರಿಕ್ಷಾದಲ್ಲೇ ಹೋಗಿಬಂದಳು. ಕೊನೆಗೊಂದು ದಿನ ನೇರವಾಗಿಯೇ ಹೇಳಿದಳು.

"ಗಾಡಿಗೆ ಏನೂ ಆಗಿಲ್ರಿ, ನಿಮಗ ಆಗೇದ. ನಾ ತರಬೇತಿಗೆ ಇಬ್ಬರದೂ ಹೆಸರು ಕೊಟ್ಟೀನಿ. ಕಲಿತು ಬರೂಣು."

ಕಲಿಸುವವಳು ಮಗಳ ವಯಸ್ಸಿನ ಮರಾಠಿ ಹುಡುಗಿ. ಬೆಳಿಗ್ಗೆಯೆಲ್ಲ ಒಬ್ಬೊಬ್ಬರೇ ಓಡಿಸಿ, ಕೆಂಪು ಕೋನ್ ಬಂದೊಡನೆ ಗಟ್ಟಿಯಾಗಿ ಬ್ರೇಕ್ ಹಾಕಬೇಕಿತ್ತು. ನಾನು ಹಾಕಿದೆ. ಆದರೆ ಪ್ರತಿ ಸಲವೂ ಗಾಡಿ ನಿಲ್ಲುವ ಮೊದಲೇ ನನ್ನ ಕತ್ತು ಹಿಂದಕ್ಕೆ ತಿರುಗುತ್ತಿತ್ತು. ಹಿಂದೆ ಯಾರೂ ಇರಲಿಲ್ಲ, ಆದರೂ ತಿರುಗುತ್ತಿತ್ತು.

"ಮಾಗೇ ಕಾಯ ಬಘತಾ, ಕಾಕಾ? ಪುಢೇ ಬಘಾ," ಅಂದಳು. ಹಿಂದೇನು ನೋಡುತ್ತೀರಿ, ಮುಂದೆ ನೋಡಿ. ಕಾಕಾ ಅಂದದ್ದಕ್ಕೆ ಸಿಟ್ಟು ಬಂತು.

ಮಧ್ಯಾಹ್ನ ಹಿಂದೆ ಜನರನ್ನು ಕೂರಿಸಿಕೊಂಡು ಅದನ್ನೇ ಮಾಡಬೇಕಿತ್ತು. ಹೆಂಡತಿ ಚೂಡಿದಾರ್ ಹಾಕಿ, ಹೊಸ ಹೆಲ್ಮೆಟ್ ತೊಟ್ಟು, ಎರಡೂ ಕಡೆ ಕಾಲು ಹಾಕಿ ಕೂತಳು. ಬ್ರೇಕ್ ಬಿದ್ದಾಗ ಹಿಂದಿನವರು ನನ್ನ ಸೊಂಟದ ಎರಡೂ ಬದಿಯಿಂದ ಕೈ ಮುಂದೆ ತಂದು ಪೆಟ್ರೋಲ್ ಟ್ಯಾಂಕಿಗೆ ಒತ್ತಿ ಹಿಡಿಯಬೇಕು. ಹಾಗೆ ಹಿಡಿದರೆ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುವುದಿಲ್ಲ ಎಂದು ಹುಡುಗಿ ತೋರಿಸಿಕೊಟ್ಟಳು.

ಮೊದಲ ಸಲ ಕೋನ್ ಕಾಣುವ ಮೊದಲೇ ವೇಗ ಇಳಿಸಿಬಿಟ್ಟೆ. ಎರಡನೆಯ ಸಲವೂ ಅಷ್ಟೇ. ನನ್ನಿಂದ ಆಗದು, ಮನೆಗೆ ಹೋಗೋಣ ಎಂದು ಹೆಂಡತಿಗೆ ಹೇಳಿದೆ. ಇವತ್ತು ಇಳಿದರೆ ಅವಳನ್ನು ಇನ್ನೆಂದೂ ಹತ್ತಿಸಿಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಗಾಡಿ ಹೊಡೀರಿ," ಅಂದಳು. "ನಾ ಹಿಡಕೊಂಡೀನಿ."

ಹೊಡೆದೆ. ಕೋನ್ ಬಂತು, ಬ್ರೇಕ್ ಒತ್ತಿದೆ, ಹಿಂದಿನಿಂದ ಅವಳ ಹೆಲ್ಮೆಟ್ ನನ್ನದಕ್ಕೆ ಟಕ್ ಎಂದು ಬಡಿಯಿತು. ಹಿಡಿಯಲು ಅವಳು ತಡಮಾಡಿದ್ದಳು. ಹುಡುಗಿ ತಿದ್ದಿದಳು. ನನಗೆ ಮಾತ್ರ ಆ ಸದ್ದು ಭಾರೀ ಸಮಾಧಾನ ತಂದಿತು. ಅವಳು ಹಿಂದೆ ಇದ್ದಾಳೆ ಎಂಬುದಕ್ಕೆ ನನಗೆ ಅಷ್ಟು ಸಾಕಾಗಿತ್ತು. ಆಮೇಲೆ ಪ್ರತಿ ಬ್ರೇಕಿಗೂ ಆ ಟಕ್ ಸದ್ದಿಗಾಗಿಯೇ ಕಾದೆ. ಅದು ಕೇಳಿದಾಗ ಕತ್ತು ತಿರುಗಲಿಲ್ಲ.

ಸಂಜೆ ಹೆದ್ದಾರಿಯಲ್ಲಿ ಮನೆಗೆ ಬರುತ್ತಿದ್ದೆವು. ಪಕ್ಕದಲ್ಲಿ ಹಾಯುವ ಒಂದೊಂದು ಟ್ರಕ್ಕಿಗೂ ವೇಗ ಇಳಿಸುತ್ತಿದ್ದೆ. ಹೆದರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ವಾಕಡ ಹತ್ತಿರವಾದಾಗ ಮುಂದಿದ್ದ ಬಸ್ಸು ಸೂಚನೆಯಿಲ್ಲದೆ ನಿಂತಿತು. ಇದ್ದಬದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ಒತ್ತಿದೆ. ಗಾಡಿ ನಿಂತಿತು.

ಟಕ್ ಎನ್ನಲಿಲ್ಲ.

ತಿರುಗಿದೆ.

"ಇಲ್ಲೇ ಅದೀನ್ರಿ," ಅಂದಳು. "ನಾನೂ ಕಲ್ತೀನಿ. ಮುಂದ ನೋಡ್ರಿ."

ಮುಂದೆ ನೋಡಿದೆ. ಟ್ಯಾಂಕಿನ ಮೇಲೆ, ನನ್ನ ಕಣ್ಣೆದುರೇ, ಅವಳ ಎರಡೂ ಕೈ ಇದ್ದವು.