ಹಂಚಿ ತಿಂದ ಮಾತ್ರೆ

ಭಾನುವಾರ ಬಂತೆಂದರೆ ಚಳ್ಳಕೆರೆಯ ನನ್ನ ಕ್ಲಿನಿಕ್ಕಿಗೆ ಬೀಗ ಹಾಕಿ, ಕೊರಳಿಗೆ ಬೈನಾಕ್ಯುಲರ್ ಇಳಿಬಿಟ್ಟುಕೊಂಡು ಪರಶುರಾಂಪುರದ ಕಡೆ ಬೈಕ್ ತಿರುಗಿಸುತ್ತೇನೆ. ಹಕ್ಕಿ ನೋಡುವ ಹುಚ್ಚು. "ವಾರವೆಲ್ಲ ಮನುಷ್ಯರನ್ನು ನೋಡಿದ್ದು ಸಾಲದೇ?" ಎಂದು ಹೆಂಡತಿ ರೇಗಿಸುತ್ತಾಳೆ. ನೋಡಿ ನೋಡಿ ಸಾಕಾಗಿರುತ್ತದೆ, ಅದಕ್ಕೇ ಹೋಗುವುದು.

ಒಂದು ಸಲ ಗೌಜಲಹಕ್ಕಿಗಾಗಿ ಉಸಿರು ಬಿಗಿಹಿಡಿದು ಕೂತಿದ್ದೆ. ಹಿಂದೆ ಯಾರೋ ಕೆಮ್ಮಿದರು, ಹಕ್ಕಿ ಹಾರಿತು. ಬೈಯಲೆಂದು ತಿರುಗಿದವನು ಆ ಕೆಮ್ಮನ್ನು ಇನ್ನೊಮ್ಮೆ ಕೇಳಿ ಎದ್ದು ಹತ್ತಿರ ಹೋದೆ. ಕುರಿ ಮೇಯಿಸುವ ಯಜಮಾನ, ಕಂಬಳಿಯೊಳಗೆ ಬರೀ ಮೂಳೆ.

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆ. ಕ್ಷಯ. ಮಾತ್ರೆ ಅಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಗೊಬ್ಬರಕ್ಕೆಂದು ಇವತ್ತು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ ಕುರಿ ನಿಲ್ಲಿಸುವವನನ್ನು ಹುಡುಕಿ ಅದನ್ನು ಮುಟ್ಟಿಸುವವರು ಯಾರು? ನಾನೇ ಒಪ್ಪಿಕೊಂಡೆ. ಬೈನಾಕ್ಯುಲರ್ ಹಕ್ಕಿ ಬಿಟ್ಟು ಕುರಿ ಹುಡುಕತೊಡಗಿತು. ಒಮ್ಮೆ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆವರೆಗೂ ಅಲೆದೆ.

ಇಷ್ಟಾದರೂ ಆತ ಚೇತರಿಸಿಕೊಳ್ಳಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಕೆಮ್ಮಿಲ್ಲವೆಂದು ಕೇಳಿದಾಗಲೆಲ್ಲ ಹೇಳುತ್ತಿದ್ದ. ಒಂದು ಮಧ್ಯಾಹ್ನ ಗಂಡ ಹೆಂಡತಿ ಬುತ್ತಿ ಬಿಚ್ಚಿದ ಹೊತ್ತಿಗೆ ಅಲ್ಲಿಗೆ ಹೋದೆ. ರೊಟ್ಟಿ ಮುರಿದು ಅರ್ಧ ಆಕೆಗೆ ಕೊಟ್ಟ. ಆಮೇಲೆ ಮಾತ್ರೆಗಳನ್ನೂ ಹಾಗೆಯೇ ಮುರಿದು ಅರ್ಧರ್ಧ ಆಕೆಯ ಅಂಗೈಗೆ ಹಾಕಿದ. ಆಕೆ ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇದೇನು ಪ್ರಸಾದವೇನಯ್ಯಾ ಹಂಚೋಕೆ?" ಎಂದು ಕೂಗಾಡಿದೆ.

"ಒಬ್ನೇ ಹೆಂಗ್ ತಿನ್ಲಿ ಸಾರ್?" ಎಂದ ಮೆಲ್ಲಗೆ. "ಇವಳ್ಗೂ ಕೆಮ್ಮು ಐತೆ. ಹೇಳಿದ್ರೆ ಇಬ್ರನ್ನೂ ಆಸ್ಪತ್ರೆಗೆ ಹಾಕ್ತೀರಿ. ಕುರಿ ಯಾರು ನೋಡ್ಕಳ್ಳೋರು? ಬುತ್ತಿ ಏನಿದ್ರೂ ನಾವು ಹಂಚ್ಕಂಡೇ ತಿಂದೋರು."

ಅರ್ಧ ಮಾತ್ರೆಗೆ ರೋಗ ಜಗ್ಗುವುದಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಪೂರ್ತಿ ಔಷಧಿ ಶುರುವಾಯಿತು, ಆದರೆ ಆತನ ಮಟ್ಟಿಗೆ ತಡವಾಗಿತ್ತು. ಆತ ಹೋದ ಸುದ್ದಿ ಕ್ಲಿನಿಕ್ಕಿಗೆ ಬಂದಾಗ ರೋಗಿಗಳ ಎದುರೇ ಕಣ್ಣು ತುಂಬಿಕೊಂಡಿತು.

ಮುಂದಿನ ಭಾನುವಾರ ಹೋದರೆ ಆಕೆ ಮಾತ್ರೆ ಮುಟ್ಟಲಿಲ್ಲ. "ಅವ್ನ ಪಾಲು ನಾನು ತಿಂದೆ ಸಾರ್. ಇನ್ನು ಬ್ಯಾಡ."

ಆಕೆಯ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತೆ. "ನೀನು ಕಸಿದುಕೊಂಡು ತಿನ್ನಲಿಲ್ಲವಲ್ಲಮ್ಮ. ನೀನು ಬದುಕಬೇಕು ಅಂತ ಆತನೇ ಕೊಟ್ಟದ್ದು. ಈಗ ಬಿಟ್ಟರೆ ಆತ ಕೊಟ್ಟದ್ದೂ ದಂಡವಾಗುತ್ತದೆ" ಎಂದೆ. ಆಕೆ ಕುರಿಗಳ ಕಡೆ ನೋಡುತ್ತಲೇ ಕೈ ಚಾಚಿದಳು.

ತಿಂಗಳುಗಟ್ಟಲೆ ಹೀಗೆ ನಡೆಯಿತು. ಆಕೆ ಮೈ ತುಂಬಿಕೊಂಡಳು, ಕೆಮ್ಮು ನಿಂತಿತು. ಚಿಕಿತ್ಸೆ ಮುಗಿಯುವ ದಿನ ನನ್ನೆದುರೇ ನುಂಗಲೆಂದು ಕಾದಿದ್ದಳು. ಬುತ್ತಿಯ ಬಟ್ಟೆ ಹಾಸಿ, ಕೊನೆಯ ಮಾತ್ರೆಯನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿದಳು. ಒಂದು ಚೂರನ್ನು ಬಟ್ಟೆಯ ಆ ತುದಿಯಲ್ಲಿಟ್ಟಳು. ಬೈಯಲು ಬಾಯಿ ತೆರೆದೆ.

ಆಕೆ ತನ್ನ ಚೂರು ನುಂಗಿ ನೀರು ಕುಡಿದಳು. ಆಮೇಲೆ ಕೈ ಚಾಚಿ ಇನ್ನೊಂದನ್ನೂ ಎತ್ತಿ ನುಂಗಿದಳು.

"ಇಬ್ರುದೂ ಮುಗೀತು ಸಾರ್" ಎಂದಳು.