ಮಗನಿದ್ದವರಿಗೆ ಸಹಾಯವಿಲ್ಲ

ಮನ್ನೂಬಿಯಾ ಯಾರ ಮೇಲೂ ದನಿ ಏರಿಸಿದವಳಲ್ಲ. ಐನ್ ಸಫ್ಸಾಫ್ ಎಂಬ ಬೆಟ್ಟದೂರಿನ ಸಮಾಜಸೇವಾ ಕಚೇರಿಗೆ ಬಂದ ಮುದುಕ ಮುದುಕಿಯರನ್ನು ಕೂರಿಸಿ, ಚಹಾ ತರಿಸಿಕೊಟ್ಟು, ಆಮೇಲೆ ಮಾತಿಗಿಳಿಯುವ ಅಧಿಕಾರಿ. ಆದರೆ ಒಬ್ಬ ಮನುಷ್ಯನ ಮೇಲಿನ ಸಿಟ್ಟು ಮಾತ್ರ ಅವಳೊಳಗೆ ಬೂದಿ ಮುಚ್ಚಿದ ಕೆಂಡದಂತೆ ಹಾಗೇ ಇತ್ತು.

ತಾಯಿಯಿಲ್ಲದ ಅವಳನ್ನು ಬೆಳೆಸಿದ್ದು ಚಿಕ್ಕಮ್ಮ ಹನೀಯಾ. ಮಣ್ಣಿನ ಒಲೆಯಲ್ಲಿ ತಬೂನಾ ರೊಟ್ಟಿ ಸುಟ್ಟು ಮಾರಿ ಓದಿಸಿದಳು. ಮನ್ನೂಬಿಯಾ ರಾಜಧಾನಿ ಟ್ಯೂನಿಸ್‌ನಲ್ಲಿ ಆಡಳಿತಶಾಸ್ತ್ರ ಓದಿ ಅಲ್ಲೇ ಒಂದು ಸಂಶೋಧನಾ ಸಂಸ್ಥೆ ಸೇರಿದ ಮೇಲೆ ಹನೀಯಾಗೆ ಲಕ್ವ ಹೊಡೆಯಿತು. ಒಬ್ಬನೇ ಮಗ ರಿದಾ ಇಟಲಿಗೆ ಹೋದವನು ತಿರುಗಿ ನೋಡಿರಲಿಲ್ಲ. ಸರ್ಕಾರದ ಕಡೆಯಿಂದ ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಬಂದು ಮೈ ಒರೆಸಿ, ಮಗ್ಗುಲು ಬದಲಿಸಿ, ಊಟ ಮಾಡಿಸಿ ಹೋಗುತ್ತಿದ್ದಳು. ಅದರಿಂದಲೇ ಜೀವ ನಡೆಯುತ್ತಿತ್ತು.

ಆ ಸೇವೆಯನ್ನು ಮುಂದುವರಿಸಬೇಕೇ ಎಂದು ಸರ್ಕಾರ ಕೇಳಿದಾಗ ಅಧ್ಯಯನದ ಹೊಣೆ ಬಿದ್ದದ್ದು ಸಂಸ್ಥೆಯ ಪ್ರೊಫೆಸರ್ ಶೆದ್ಲಿಯ ಮೇಲೆ. ಮನೆಮನೆ ಅಲೆದು ಜನರನ್ನು ಮಾತಾಡಿಸಿದ್ದು ಮನ್ನೂಬಿಯಾ. ಮಕ್ಕಳು ದೇಶ ಬಿಟ್ಟು ಹೋದ ಮನೆಗಳಿಗೇ ಈ ಸೇವೆ ಹೆಚ್ಚು ಬೇಕು ಎಂದು ಅವಳು ಬರೆದಳು. ಅಚ್ಚಾಗಿ ಬಂದ ವರದಿಯಲ್ಲಿ ಅದು ತಲೆಕೆಳಗಾಗಿತ್ತು: ಮಗನಿದ್ದ ಮನೆಗೆ ಸರ್ಕಾರದ ನೆರವು ಅನಗತ್ಯ, ಕುಟುಂಬವೇ ನೋಡಿಕೊಳ್ಳುತ್ತದೆ. ಮಂತ್ರಿಗಳಿಗೆ ಬೇಕಾಗಿದ್ದೂ ಅದೇ, ನಿಯಮವಾಗಿ ಬಂದದ್ದೂ ಅದೇ. ಶೆದ್ಲಿಗೆ ಪ್ರಶಸ್ತಿ ಬಂತು, ಹನೀಯಾಳ ಮನೆಗೆ ಆ ಹೆಂಗಸು ಬರುವುದು ನಿಂತುಹೋಯಿತು.

ಮನ್ನೂಬಿಯಾ ಕೆಲಸ ಬಿಟ್ಟು ಓಡಿ ಬರುವಷ್ಟರಲ್ಲಿ ಚಿಕ್ಕಮ್ಮನ ಬೆನ್ನು ಪೂರ್ತಿ ಹುಣ್ಣಾಗಿತ್ತು. ಆಕೆ ಆ ಚಳಿಗಾಲ ದಾಟಲಿಲ್ಲ. ದುಃಖ ವಿಚಾರಿಸಲು ಬಂದ ಶೆದ್ಲಿ ಕಾಫಿ ಹೀರುತ್ತಾ ಹೇಳಿದ: "ಏನ್ಮಾಡೋದು ಮಗಳೇ, ನೀತಿ ಅಂದ್ಮೇಲೆ ಒಂದೊಂದು ಮನೆ ನೋಡ್ತಾ ಕೂರಕ್ಕಾಗಲ್ಲ."

ಅವಳು ಮತ್ತೆ ಟ್ಯೂನಿಸ್‌ನ ಕೆಲಸಕ್ಕೆ ಹೋಗಲಿಲ್ಲ. ಊರಿನ ಕಚೇರಿಯಲ್ಲೇ ಸಣ್ಣ ಕೆಲಸಕ್ಕೆ ಸೇರಿ, ಕೂದಲು ನರೆಯುವ ಹೊತ್ತಿಗೆ ಅದರ ಮುಖ್ಯಸ್ಥೆಯಾದಳು. ಮಗ ಪರದೇಶದಲ್ಲಿದ್ದ ಮುದುಕರು ಬಂದರೆ "ಮಗನ ಪತ್ತೆಯಿಲ್ಲ" ಎಂದು ತಾನೇ ಬರೆದು ಸಹಿ ಹಾಕಿ ಆರೈಕೆಗೆ ಆಳು ಕಳಿಸುತ್ತಿದ್ದಳು. ಇಡೀ ಊರಿಗೆ ಗೊತ್ತಿದ್ದ ಗುಟ್ಟು ಅದು.

ಐನ್ ಸಫ್ಸಾಫ್ ಶೆದ್ಲಿಯ ಊರೂ ಹೌದು. ನಿವೃತ್ತನಾಗಿ, ಹೆಂಡತಿಯನ್ನು ಕಳೆದುಕೊಂಡು, ಆತ ಹಳೇ ಮನೆಗೆ ಬಂದು ನೆಲೆಸಿದ. ಒಂದು ದಿನ ಹೊಸಿಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಮಗ ಕೆನಡಾದಲ್ಲಿ. ಗೊತ್ತು ಮಾಡಿಕೊಂಡಿದ್ದ ಆಳುಗಳು ಅವನ ಬಾಯಿಗೆ ಹೆದರಿ ಒಬ್ಬೊಬ್ಬರಾಗಿ ಕಾಲ್ಕಿತ್ತರು. ಕೊನೆಗೆ ಅವನ ಅರ್ಜಿ ಮನ್ನೂಬಿಯಾಳ ಮೇಜಿಗೆ ಬಂತು. ಅದನ್ನು ಓದಿದಾಗ ಎದೆ ಹಗುರಾಯಿತು. ಒಳ್ಳೆಯ ಕೋಟು ತೊಟ್ಟು, ವಿಚಾರಣೆಗೆ ತಾನೇ ಹೋದಳು.

"ಮಗ ಇದ್ದಾನಾ ಮೇಷ್ಟ್ರೇ?"

"ಕೆನಡಾದಲ್ಲಿದಾನೆ. ನಿಂಗೆ ಗೊತ್ತಲ್ಲ."

"ಊರು ಕೇಳಲಿಲ್ಲ ನಾನು. ಇದ್ದಾನೋ, ಇಲ್ವೋ?"

"ಇದಾನಮ್ಮ."

"ಹಾಗಾದ್ರೆ ಮುಗೀತು. ಮಗನಿದ್ದವರಿಗೆ ಸಹಾಯ ಇಲ್ಲ. ನೀವೇ ಮಾಡಿದ ನಿಯಮ."

ಶೆದ್ಲಿಯ ಮುಖ ಕೆಂಪಾಯಿತು. "ಪಕ್ಕದ್ಮನೆ ಹಮ್ಮಾದಿಗೆ ಇಬ್ರು ಮಕ್ಕಳು ಫ್ರಾನ್ಸಲ್ಲಿದಾರೆ. ಅವನ್ಗೆ ಕೊಟ್ಟಿದೀಯ! ಊರೋರಿಗೆಲ್ಲ ಕೊಡ್ತೀಯಂತೆ!"

"ಹೌದು. ಎಲ್ಲರಿಗೂ ಕೊಡ್ತೀನಿ. ನಿಮಗೊಬ್ಬರಿಗೆ ಇಲ್ಲ."

ಮನೆಯಲ್ಲಿ ನಾತ ಹಬ್ಬಿತ್ತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಅದರ ಪರಿಚಯ ಅವಳಿಗಿತ್ತು. ಬಾಗಿಲ ಬಳಿ ನಿಂತು ಹೇಳಿದಳು: "ನಾನು ಬರೆದಿದ್ದನ್ನ ತಿದ್ದಿದ್ದು ನೀವು ಅಂತ ಸಂಸ್ಥೆಯ ವಾರ್ಷಿಕ ಸಭೇಲಿ ನಿಮ್ಮ ಬಾಯಿಂದಲೇ ಹೇಳಿ. ಮಾರನೇ ದಿನವೇ ಆಳು ಬರ್ತಾಳೆ."

"ಸತ್ರೂ ಹೇಳಲ್ಲ."

"ನಿಮ್ಮಿಷ್ಟ. ನನಗೇನೂ ಅವಸರ ಇಲ್ಲ."

ಮನೆಗಳಿಗೆ ಹೋಗಿ ಮುದುಕರ ಆರೈಕೆ ಮಾಡುವ ಜಾಝಿಯಾಗೆ ಇದು ಸರಿಬರಲಿಲ್ಲ. "ಅಮ್ಮಾವ್ರೇ, ಆ ಓಣೀಲಿ ಹೋಗಕ್ಕಾಗ್ತಿಲ್ಲ. ನರಳೋದು ಬೀದಿಗೆ ಕೇಳ್ಸತ್ತೆ. ನಾಯಿಗಾದ್ರೂ ಹಿಂಗ್ ಮಾಡ್ತಾರಾ?"

"ನಮ್ಮ ಚಿಕ್ಕಮ್ಮ ನರಳಿದ್ದು ಯಾರಿಗೆ ಕೇಳಿಸ್ತು?"

"ನೀವೂ ಅವನ್ ಥರಾನೇ ಆಗ್ಬಿಟ್ರೆ?"

"ಆಗ್ಲಿ ಬಿಡು," ಎಂದಳು ಮನ್ನೂಬಿಯಾ.

ನೆರೆಯವರು ಬಾಗಿಲಿಗೆ ಊಟ ಇಟ್ಟು ಹೋಗುತ್ತಿದ್ದರು, ಮೈ ಮುಟ್ಟುವವರು ಮಾತ್ರ ಇರಲಿಲ್ಲ. ಮಗ ಫೋನಿನಲ್ಲಿ "ಅಲ್ಲೇ ಏನಾದ್ರೂ ವ್ಯವಸ್ಥೆ ಮಾಡ್ಕೊಳ್ಳಿ ಅಪ್ಪಾ" ಎನ್ನುತ್ತಿದ್ದ. ಹಿಮ ಬಿದ್ದ ಒಂದು ಬೆಳಿಗ್ಗೆ ಶೆದ್ಲಿ ಅವಳನ್ನು ಕರೆಸಿಕೊಂಡ. "ಸಭೆ ಯಾವಾಗ?" ಎಂದಷ್ಟೇ ಕೇಳಿದ.

ಕಚೇರಿಯ ವ್ಯಾನಿನಲ್ಲಿ ಅವಳೇ ಟ್ಯೂನಿಸ್‌ಗೆ ಕರೆದುಕೊಂಡು ಹೋದಳು. ಗಾಲಿಕುರ್ಚಿಯಲ್ಲಿ ಬಂದ ಹಿರಿಯ ಪ್ರೊಫೆಸರ್‌ಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶೆದ್ಲಿ ಮೈಕು ಹಿಡಿದ. "ಆ ವರದಿ ಸುಳ್ಳು. ಈ ಹುಡುಗಿ ನಿಜ ಬರೆದಿದ್ದಳು. ಮೇಲಿನವರಿಗೆ ಹಿಡಿಸಲಿ ಅಂತ ನಾನೇ ಬದಲಾಯಿಸಿದೆ. ಅದರಿಂದ ಇವಳ ಮನೆಯಲ್ಲೇ ಒಂದು ಜೀವ ಹೋಯಿತು." ಅವನನ್ನು ಹೊಗಳುವುದಕ್ಕೆಂದು ವೇದಿಕೆಯಲ್ಲಿ ಕೂತಿದ್ದವರು ತಲೆ ತಗ್ಗಿಸಿದರು. ಅವನನ್ನು ವ್ಯಾನಿಗೆ ಹತ್ತಿಸಲು ಹಳೆಯ ಶಿಷ್ಯರು ಒಬ್ಬರೂ ಬರಲಿಲ್ಲ. ಮನ್ನೂಬಿಯಾಳೇ ಹತ್ತಿಸಿದಳು.

ವಾಪಸು ಬರುವಾಗ ಆತ ಕೇಳಿದ, "ಈಗ ನಿನ್ನ ಹೊಟ್ಟೆ ತಣ್ಣಗಾಯ್ತಾ?"

"ಇಲ್ಲ," ಎಂದಳು ಅವಳು, ರಸ್ತೆಯ ಮೇಲೇ ಕಣ್ಣಿಟ್ಟು.

ಆದರೂ ಮಾತು ಉಳಿಸಿಕೊಂಡಳು. ಮಾರನೇ ಬೆಳಿಗ್ಗೆಯಿಂದ ಜಾಝಿಯಾ ಬಿಸಿನೀರು, ಬಟ್ಟೆ ಹಿಡಿದು ಅವನ ಮನೆಗೆ ಹೋಗತೊಡಗಿದಳು. ಪತ್ರಿಕೆಗಳಲ್ಲಿ ಗದ್ದಲವಾಗಿ, ಕೊನೆಗೆ ಸರ್ಕಾರ ನಿಯಮವನ್ನೇ ಕೈಬಿಟ್ಟಿತು. ಹೊಸ ಅಧ್ಯಯನಕ್ಕೆ ಸಂಸ್ಥೆಯವರು ಮನ್ನೂಬಿಯಾಳನ್ನು ಕರೆದರೆ ಅವಳು ಒಲ್ಲೆನೆಂದಳು.

ಕೆಲವು ವರ್ಷಗಳ ನಂತರ ಶೆದ್ಲಿ ತೀರಿಕೊಂಡ. ಹಾಸಿಗೆ ಶುಭ್ರವಾಗಿತ್ತು, ಮೈಮೇಲೆ ಒಂದು ಹುಣ್ಣೂ ಇರಲಿಲ್ಲ. ಕಚೇರಿಯವರೆಲ್ಲ ಮಣ್ಣಿಗೆ ಹೋದರು. ಮನ್ನೂಬಿಯಾ ಹೋಗಲಿಲ್ಲ. ಆ ಹೊತ್ತಿಗೆ ಖಾಲಿ ಕಚೇರಿಯಲ್ಲಿ ಕೂತು, ಅಂಗಡಿಯಿಂದ ಖಾರವಾಗಿ ಮಾಡಿಸಿದ ಕಡಲೆಸಾರು ತರಿಸಿ, ರೊಟ್ಟಿ ಮುರಿದು ಹಾಕಿಕೊಂಡು, ಬಟ್ಟಲು ಖಾಲಿಯಾಗುವವರೆಗೆ ನಿಧಾನವಾಗಿ ಉಂಡಳು.